ಅಮ್ಮ ತಿನ್ನಿಸಿದ ಬ್ರೆಡ್ಡು

ನಮ್ಮ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಡಾಕ್ಟರಿಗಿಂತ ಮುಂಚೆ ಬ್ರೆಡ್ಡು ಬರುತ್ತಿತ್ತು. ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ಮುದ್ದೆ, ಹುಳಿ, ಉಪ್ಪಿನಕಾಯಿ ಎಲ್ಲ ಗಟ್ಟಿಮುಟ್ಟಾಗಿ ಓಡಾಡುವವರಿಗೆ. ಮಲಗಿದವರಿಗೆ ಬ್ರೆಡ್ಡು. ಬಿಸಿ ಹಾಲಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಚಮಚದಲ್ಲಿ ಬಾಯಿಗೆ ಹಾಕುವುದು. ನೋಡಲು ಬಂದವರ ಕೈಯಲ್ಲೂ ಅದೇ, ಇಲ್ಲವೇ ರಸ್ಕು, ಇಲ್ಲವೇ ಹಾಲಿಗೆ ಬೆರೆಸಿ ಕುಡಿಯುವ ಮಾಲ್ಟ್ ಪುಡಿಯ ಬಾಟಲಿ.

ಗೋಧಿ ನನ್ನ ಮೈಗೆ ಆಗುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ನಾನು ಅಂಥ ಬ್ರೆಡ್ಡನ್ನು ವರ್ಷಗಟ್ಟಲೆ ತಿಂದಿದ್ದೆ. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿಯಲ್ಲಿರುವ ಗ್ಲೂಟೆನ್ ಎಂಬ ಅಂಶ ಹೊಟ್ಟೆಗೆ ಹೋದರೆ ಕರುಳು ಕೆಡುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕಿಂತ ಹೆಚ್ಚು ವಿವರಿಸಲು ನಾನು ಡಾಕ್ಟರಲ್ಲ, ಶೇಷಾದ್ರಿಪುರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಈ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಒಂದು ಬ್ಲಾಗ್ ಬರೆಯುತ್ತೇನೆ. ಅದನ್ನು ಓದಿದವರು ಕೇಳುತ್ತಲೇ ಇರುತ್ತಾರೆ, ನಿಮಗೆ ಹೇಗೆ ಗೊತ್ತಾಯಿತು, ಮನೆಯವರು ಏನಂದರು, ಈಗ ಹೇಗಿದ್ದೀರಿ ಎಂದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಒಂದು ಸಲ ಕೂತು ಎಲ್ಲವನ್ನೂ ಬರೆದುಬಿಡುತ್ತೇನೆ.

ಅಪ್ಪನಿಗೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇತ್ತು. ಅವರು ಹೋದ ಮೇಲೆ ಅಣ್ಣ ಮಂಜುನಾಥ ಅದನ್ನು ನಡೆಸಿದ. ಮದುವೆಯಾಗಿ ಅವನು ಬಿನ್ನಿಪೇಟೆಯಲ್ಲಿ ಮನೆ ಮಾಡಿದ್ದರಿಂದ ಮಲ್ಲೇಶ್ವರದ ಮನೆಯಲ್ಲಿ ಉಳಿದವರು ನಾನು ಮತ್ತು ಅಮ್ಮ. ಅಂಗಡಿ ತೆರೆಯುವ ಮೊದಲು ಅಣ್ಣ ದಿನಾ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಒಂದು ಚೀಲ ತರಕಾರಿ ಇಟ್ಟು ಹೋಗುತ್ತಿದ್ದ. ಊಟಕ್ಕೆ ಕೊರತೆಯಿದ್ದ ಮನೆಯಲ್ಲ. ಆದರೂ ನಾನು ಸೊರಗತೊಡಗಿದೆ.

ತೊಂಬತ್ತರ ದಶಕದ ಮಧ್ಯದಲ್ಲಿ, ನನಗೆ ಇಪ್ಪತ್ತೈದು ದಾಟಿದ ಹೊತ್ತಿಗೆ ಅದು ಶುರುವಾಯಿತು. ಮೊದಲು ಹೊಟ್ಟೆ ಉಬ್ಬರ, ಆಮೇಲೆ ಭೇದಿ. ಬಾಯಿಹುಣ್ಣು ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು. ಕೆಲಸ ಮಾಡಿ ಆಗುವ ಸುಸ್ತಲ್ಲ, ಹಾಸಿಗೆಯಿಂದ ಏಳುವಾಗಲೇ ಇರುವ ಸುಸ್ತು. ಮನೆಯಿಂದ ಶಾಲೆಗೆ ನಡೆದೇ ಹೋಗುತ್ತಿದ್ದವಳು ಬಸ್ ಹಿಡಿಯತೊಡಗಿದೆ. ಬಸ್ಸಿನಲ್ಲಿ ಹೊಟ್ಟೆ ಕೈಕೊಟ್ಟರೆ ಏನು ಗತಿ ಎಂದು ಹೆದರಿ ಮತ್ತೆ ನಡೆಯತೊಡಗಿದೆ. ದಾರಿಯಲ್ಲಿ ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ, ಯಾವ ಗೆಳತಿಯ ಮನೆಯ ಬಚ್ಚಲು ಹೊರಗಡೆ ಇದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಈ ಕಾಯಿಲೆ ಇರುವವರು ಇದನ್ನು ಓದಿ ತಲೆ ಆಡಿಸುತ್ತೀರಿ ಎಂದು ಗೊತ್ತು. ಉಳಿದವರು ಮುಖ ಸಿಂಡರಿಸಬಹುದು. ಏನು ಮಾಡಲಿ, ಇದು ಇರುವುದೇ ಹೀಗೆ.

ಆಗ ನನಗೆ ಗಂಡು ನೋಡುತ್ತಿದ್ದರು. ಒಂದು ಸಲ ಚಾಮರಾಜಪೇಟೆಯಿಂದ ಒಬ್ಬರು ಬಂದರು. ಹುಡುಗನ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಬಳೆಯನ್ನು ಮೊಣಕೈವರೆಗೆ ಮೇಲೆ ಸರಿಸಿ ನೋಡಿದರು. ಬಳೆ ಎಲ್ಲೂ ತಡೆಯದೆ ಹೋಯಿತು. "ಹುಡುಗಿ ಚೆನ್ನಾಗಿದಾಳೆ. ಸ್ವಲ್ಪ ತುಂಬ್ಕೊಳ್ಳಿ, ಆಮೇಲೆ ನೋಡೋಣ," ಎಂದು ಹೋದರು. ಅಮ್ಮ ಅವತ್ತಿನಿಂದಲೇ ನನ್ನನ್ನು 'ತುಂಬಿಸಲು' ಶುರುಮಾಡಿದಳು. ಹಾಲಿಗೆ ಮಾಲ್ಟ್ ಎರಡೆರಡು ಚಮಚ ಬಿತ್ತು.

ನಮ್ಮ ಹತ್ತಿರದ ಡಾಕ್ಟರು ರಕ್ತ ಕಡಿಮೆ ಅಂದರು. ಕಬ್ಬಿಣದ ಟಾನಿಕ್ ಕುಡಿದೆ, ಹಲ್ಲು ಕಪ್ಪಾಯಿತು, ರಕ್ತ ಏರಲಿಲ್ಲ. ಹೊಟ್ಟೆ ಹುಳಕ್ಕೆ ಮಾತ್ರೆ ಕೊಟ್ಟರು. ಗ್ಯಾಸ್ ಅಂದರು. ಟೆನ್ಷನ್ ಅಂದರು. ಒಬ್ಬರು ಅಮ್ಮನನ್ನು ಬಾಗಿಲ ಹತ್ತಿರ ಕರೆದು, "ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ," ಅಂದರು. ಸರಿಹೋಗದೆ ಮದುವೆಯಾಗುವಂತಿರಲಿಲ್ಲ, ಮದುವೆಯಾಗದೆ ಸರಿಹೋಗುವುದಿಲ್ಲವಂತೆ. ನಾನು ಮತ್ತು ಅಮ್ಮ ಅದಕ್ಕೆ ನಕ್ಕಿದ್ದು ನೆನಪಿದೆ. ಆಮೇಲೆ ತುಂಬ ದಿನ ನಗಲಿಲ್ಲ.

ಇನ್ನೊಬ್ಬ ದೊಡ್ಡ ಡಾಕ್ಟರು ಸ್ಕ್ಯಾನ್ ನೋಡಿ ಕರುಳಿನ ಟಿ.ಬಿ. ಇರಬಹುದು ಅಂದರು. 'ಇರಬಹುದು' ಎಂಬ ಮಾತಿನ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ವಾಂತಿ ಹೆಚ್ಚಾಯಿತು. ಅಣ್ಣ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ, ಆದರೆ ಚಿಕ್ಕ ಮಗಳನ್ನು ಕರೆತರುವುದನ್ನು ನಿಲ್ಲಿಸಿದ. "ಅವಳಮ್ಮ ಬಿಡಲ್ಲ ಕಣೇ ಶಶಿ," ಎಂದು ನೆಲ ನೋಡುತ್ತಾ ಹೇಳಿದ. ನನಗೆ ಕೋಪ ಬರಲಿಲ್ಲ. ಕೋಪ ಬರಲೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು.

ಊಟ ಸೇರುತ್ತಿರಲಿಲ್ಲ ಎಂದು ಅಮ್ಮ ಎಲ್ಲ ಬದಲಿಸಿದಳು. ಮುದ್ದೆ ಭಾರ ಎಂದು ನಿಂತಿತು. ರಾತ್ರಿ ಅನ್ನ ಶೀತ ಎಂದು ಚಪಾತಿಯಾಯಿತು. ಸಾಯಂಕಾಲ ಶಾಲೆಯಿಂದ ಬಂದು ಗೋಡೆಗೆ ಒರಗಿ ಕೂತರೆ ಅಮ್ಮ ಹಾಲಿನ ಬಟ್ಟಲು ಹಿಡಿದು ಎದುರಿಗೆ ಕೂರುತ್ತಿದ್ದಳು. "ಇದೊಂದು ಚೂರು. ನನಗೋಸ್ಕರ. ಬಾಯಿ ತೆಗಿ." ಮೂವತ್ತಕ್ಕೆ ಹತ್ತಿರವಾಗಿದ್ದ ನಾನು ಬಾಯಿ ತೆರೆಯುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಒಂದು ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಬಿದ್ದೆ. ಎಚ್ಚರವಾದಾಗ ಒಂದು ದೊಡ್ಡ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ, ಕೈಗೆ ರಕ್ತ ಹಾಕುತ್ತಿದ್ದರು. ಅಮ್ಮ ತಲೆಯ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿದ್ದಳು. ಆ ವಾರ್ಡಿಗೆ ಬರುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಆಗಷ್ಟೇ ಉತ್ತರ ಭಾರತದ ಕಡೆ ಓದು ಮುಗಿಸಿ ಬಂದವರು. ನನ್ನ ಹಳೆಯ ರಿಪೋರ್ಟುಗಳ ಕಟ್ಟನ್ನು ಹಾಸಿಗೆಯ ತುದಿಯಲ್ಲೇ ಕೂತು ಪೂರ್ತಿ ಓದಿದರು. ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಪೂರ್ತಿ ಓದಿದ್ದನ್ನು ನಾನು ನೋಡಿರಲಿಲ್ಲ. ಒಂದು ರಕ್ತಪರೀಕ್ಷೆ ಬರೆದರು, ಆಮೇಲೆ ಎಂಡೋಸ್ಕೋಪಿ.

ಎಂಡೋಸ್ಕೋಪಿಗೆ ಕಾಯುವ ಕೋಣೆಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಎಲ್ಲರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಆದ್ದರಿಂದ ಎಲ್ಲರೂ ಊಟದ ಬಗ್ಗೆಯೇ ಮಾತಾಡುತ್ತಿದ್ದರು. ಗಂಟಲಿಗೆ ಕಹಿ ಔಷಧ ಹೊಡೆದರು, ನಾಲಿಗೆ ನನ್ನದಲ್ಲ ಅನ್ನಿಸಿತು. ಕೊಳವೆ ಒಳಗಿಳಿಯುವಾಗ ಕಣ್ಣಲ್ಲಿ ನೀರು ಸುರಿಯಿತು. ಕಾಲ ಹತ್ತಿರ ನಿಂತಿದ್ದ ಆಯಾ ನನ್ನ ಪಾದವನ್ನು ಎರಡು ಕೈಯಲ್ಲೂ ಹಿಡಿದು ಉಜ್ಜುತ್ತಾ, "ಆಯ್ತು ಕಣಮ್ಮ, ಆಯ್ತು, ಆಗೋಯ್ತು," ಅನ್ನುತ್ತಿದ್ದಳು. ಇನ್ನೂ ಆಗಿರಲಿಲ್ಲ. ಆದರೂ ಅವಳ ಕೈ ಬೆಚ್ಚಗಿತ್ತು. ಆ ಬಿಸುಪು ಇವತ್ತಿಗೂ ಪಾದಕ್ಕೆ ನೆನಪಿದೆ.

ರಿಪೋರ್ಟು ಬಂದ ದಿನ ಆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಗೋಧಿ ಇವರಿಗೆ ಆಗಲ್ಲ. ಪೂರ್ತಿ ಬಿಡ್ಬೇಕು," ಅಂದರು.

ನನಗೆ ನಗು ಬಂತು. "ನಾವು ಮುದ್ದೆ, ಅನ್ನ ತಿನ್ನೋರು ಮೇಡಂ. ಗೋಧಿ ಎಲ್ಲಿ ತಿಂತೀವಿ?"

"ದಿನಾ ಏನೇನ್ ತಗೋತೀರ, ಹೇಳಿ ನೋಡೋಣ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಶುರುಮಾಡಿದಳು. ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದವಳ ಹಾಗೆ ಹೇಳಿದಳು. "ಬೆಳಿಗ್ಗೆ ಹಾಲಿಗೆ ಮಾಲ್ಟ್ ಹಾಕಿ ಕೊಡ್ತೀನಿ ಮೇಡಂ, ತಪ್ಪಿಸಲ್ಲ. ತಿಂಡಿಗೆ ಬ್ರೆಡ್ಡು, ಇಲ್ಲಾಂದ್ರೆ ಮೆತ್ತಗೆ ಉಪ್ಪಿಟ್ಟು. ಮಧ್ಯಾಹ್ನ ಒಂಚೂರು ಅನ್ನ. ಸಾಯಂಕಾಲ ಮತ್ತೆ ಹಾಲು ಬ್ರೆಡ್ಡು, ನಾನೇ ಕೂತು ತಿನ್ನಿಸ್ತೀನಿ. ರಾತ್ರಿ ಚಪಾತಿ. ಮುದ್ದೆ ಬಂದ್ ಮಾಡಿದೀನಿ, ಭಾರ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಮುಖ ನೋಡಿ ಅಮ್ಮನ ಮಾತು ನಿಧಾನವಾಯಿತು.

"ಅಮ್ಮಾ," ಅಂದರು ಡಾಕ್ಟರು, ತುಂಬ ಮೆಲ್ಲಗೆ. "ಬ್ರೆಡ್ಡು ಗೋಧೀದೇ. ರವೆ ಗೋಧೀದೇ. ಮಾಲ್ಟಲ್ಲಿ ಬಾರ್ಲಿ ಇರುತ್ತೆ, ಅದೂ ಆಗಲ್ಲ. ಆ ಮುದ್ದೆನೇ ಕೊಡಿ. ಅನ್ನ ಕೊಡಿ. ನಿಮ್ಮದೇನೂ ತಪ್ಪಿಲ್ಲ, ನಮ್ಮ ಎಷ್ಟೋ ಡಾಕ್ಟ್ರುಗಳಿಗೇ ಈ ಕಡೆ ಇದು ತಲೆಗೇ ಬರಲ್ಲ."

ಅವರ ಮಾತಿನ ಕೊನೆಯ ಭಾಗ ಅಮ್ಮನಿಗೆ ಕೇಳಿಸಿತೋ ಇಲ್ಲವೋ. ಆಟೋ ಮಾರ್ಗೋಸಾ ರಸ್ತೆಗೆ ತಿರುಗುವಾಗ ಅವಳು ನನ್ನ ಕಡೆ ನೋಡದೆ, "ನಾನೇ ತಿನ್ನಿಸ್ದೆ," ಅಂದಳು.

"ನಿಂಗೇನ್ ಗೊತ್ತಿತ್ತಮ್ಮ."

"ನೀನು ಬೇಡ ಅಂತಿದ್ದೆ. ನಾನೇ ಬಾಯಿ ತೆಗಿ ತೆಗಿ ಅಂತ ತಿನ್ನಿಸ್ದೆ."

ನನಗೆ ಕಾಯಿಲೆಯ ಹೆಸರು ಸಿಕ್ಕಿದ ಸಮಾಧಾನ. ಅಮ್ಮನಿಗೆ ಅದೇ ಹೆಸರು ಹೊರಲಾರದ ಹೊರೆಯಾಯಿತು. ಮನೆಗೆ ಬಂದವಳೇ ಅಡುಗೆಮನೆಯನ್ನು ತಲೆಕೆಳಗು ಮಾಡಿದಳು. ಚಪಾತಿ ಮಣೆ, ಲಟ್ಟಣಿಗೆ, ಹಳೆಯ ಹೆಂಚು ಎಲ್ಲ ಅಣ್ಣನ ಮನೆಗೆ ಹೋದವು. ಡಬ್ಬಿಗಳನ್ನು ಬಿಸಿನೀರಲ್ಲಿ ಕುದಿಸಿದಳು. ನಾನು ತಿನ್ನದ್ದನ್ನು ತಾನೂ ತಿನ್ನುವುದಿಲ್ಲ ಎಂದು ಗೋಧಿಯನ್ನು ಪೂರ್ತಿ ಬಿಟ್ಟಳು. "ನೀನ್ಯಾಕಮ್ಮ ಬಿಡ್ತೀಯ? ನಿಂಗೆ ಉಪ್ಪಿಟ್ಟಂದ್ರೆ ಇಷ್ಟ ಅಲ್ವಾ," ಎಂದರೆ, "ಇಷ್ಟ ಇತ್ತು," ಅಂದಳು.

ಹಿಟ್ಟು ಬೀಸಿಸುವುದು ದೊಡ್ಡ ಪಾಡಾಯಿತು. ಮಿಲ್ಲಿನಲ್ಲಿ ಎಲ್ಲರ ಗೋಧಿಯನ್ನೂ ಅದೇ ಕಲ್ಲಲ್ಲಿ ಬೀಸುತ್ತಾರೆ, ಅದರ ಹಿಂದೆ ನಮ್ಮ ರಾಗಿ ಹಾಕಿದರೆ ಗೋಧಿಯ ಪುಡಿ ಸೇರುತ್ತದೆ. ಕಲ್ಲು ತೊಳೆದು ಒಣಗಿಸಿದ ದಿನ ಮೊದಲಿಗೆ ನಮ್ಮದನ್ನೇ ಹಾಕಬೇಕೆಂದು ಅಮ್ಮ ಮಿಲ್ಲಿನವನ ಹತ್ತಿರ ಜಗಳವಾಡಿ ಒಪ್ಪಿಸಿದಳು. ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಿದ್ದಳು. ಸಾಲಿನಲ್ಲಿದ್ದವರು, "ಏನಮ್ಮಾ, ನಿಮ್ಮ ರಾಗಿಗೆ ಅಷ್ಟೊಂದು ಮಡಿಯಾ?" ಎಂದು ಛೇಡಿಸುತ್ತಿದ್ದರು. ಅವಳು ಯಾರಿಗೂ ವಿವರಿಸುತ್ತಿರಲಿಲ್ಲ. ವಿವರಿಸುವುದು ನನ್ನ ಪಾಲಿಗೆ ಬಂದಿತ್ತು.

ಆ ಕೆಲಸ ಎಷ್ಟು ದಣಿಸುತ್ತದೆ ಎಂದು ಆರೋಗ್ಯವಾಗಿರುವವರಿಗೆ ಹೇಗೆ ಹೇಳಲಿ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕ್ ಕೊಟ್ಟರೆ ಬೇಡ ಅನ್ನಬೇಕು, ಯಾಕೆ ಎಂದು ಹೇಳಬೇಕು, "ಒಂದು ಚೂರಿಗೆ ಏನಾಗಲ್ಲ ಬಿಡ್ರಿ" ಎಂಬುದಕ್ಕೆ ನಗಬೇಕು. ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಜ್ಜಿಗೆಯ ದೊನ್ನೆ ಕೈಗೆ ಬಂದಾಗ ಅದು ರವೆಯದು ಎಂದು ತಡವರಿಸಿದೆ. ಆ ಮನೆಯ ಯಜಮಾನಿ, "ದೇವ್ರ ಪ್ರಸಾದನೂ ಬೇಡ್ವಾ?" ಎಂದು ಎಲ್ಲರೆದುರು ಕೇಳಿದರು. ಕಣ್ಣಿಗೊತ್ತಿಕೊಂಡು ಮನೆಗೆ ತಂದೆ. ಅಮ್ಮ ಅದನ್ನು ಹಸುವಿಗೆ ಕೊಟ್ಟು ಬಂದಳು. ದೇವರ ಬಗ್ಗೆ ನನಗೆ ಭಯವಾಗಲಿಲ್ಲ. ಆದರೆ ಆ ಮನೆಯವರು ಅದಾದ ಮೇಲೆ ನಮ್ಮನ್ನು ಕರೆಯುವುದು ಕಡಿಮೆಯಾಯಿತು.

ಕೆಲವು ತಿಂಗಳಲ್ಲಿ ಮೈ ಸ್ವಲ್ಪ ತುಂಬಿತು, ಭೇದಿ ಕಡಿಮೆಯಾಯಿತು. ಆಮೇಲೆ ಅಲ್ಲಿಗೇ ನಿಂತಿತು. ಹೊಟ್ಟೆಯ ಉಬ್ಬರ ಹೋಗಲಿಲ್ಲ, ಸುಸ್ತು ಹೋಗಲಿಲ್ಲ. ಡಾಕ್ಟರು, "ಎಲ್ಲೋ ಗೋಧಿ ಹೋಗ್ತಿದೆ, ಹುಡುಕಿ," ಅಂದರು. ಮನೆಯಲ್ಲಿ ಒಂದು ಕಾಳು ಗೋಧಿಯಿಲ್ಲ. ಅಮ್ಮ ನನ್ನನ್ನೇ ಅನುಮಾನಿಸಿದಳು. "ಸ್ಕೂಲಲ್ಲಿ ಏನಾದ್ರೂ ತಿಂತಿದೀಯಾ? ನಿಜ ಹೇಳು." ನಾನು ರೇಗಿದೆ. ಎರಡು ದಿನ ಇಬ್ಬರೂ ಮಾತಾಡಲಿಲ್ಲ.

ಆಗ ಸಂಪಿಗೆ ರಸ್ತೆಯ ಒಂದು ಸೈಬರ್ ಸೆಂಟರಿಗೆ ಹೋಗತೊಡಗಿದೆ. ಮರದ ಹಲಗೆಗಳಿಂದ ಮಾಡಿದ ಚಿಕ್ಕ ಗೂಡು, ಪಕ್ಕದ ಗೂಡುಗಳಲ್ಲಿ ಕಾಲೇಜು ಹುಡುಗರು ಪಿಸುಮಾತಾಡುತ್ತಿದ್ದರು. ಸೀಲಿಯಾಕ್ ಇರುವವರ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ ಎಂದು ತಿಳಿದು ಸೇರಿದೆ. ಅಲ್ಲಿ ಹೆಚ್ಚಿನವರು ಅಮೆರಿಕದವರು, ಇಂಗ್ಲೆಂಡಿನವರು. ಅವರು ಪಾಸ್ಟಾ, ಸಾಸ್, ಬಿಯರ್ ಬಗ್ಗೆ ಬರೆಯುತ್ತಿದ್ದರು. ನಾನು ಹುಳಿ, ತಿಳಿಸಾರಿನ ಬಗ್ಗೆ ಯಾರನ್ನು ಕೇಳಲಿ? ಆದರೂ ನನ್ನ ಆಫೀಸಿನ ಇಂಗ್ಲಿಷಿನಲ್ಲಿ ನಾವು ದಿನಾ ಏನು ಅಡುಗೆ ಮಾಡುತ್ತೇವೆ, ಏನೇನು ಹಾಕುತ್ತೇವೆ ಎಂದು ಬರೆದು, ಯಾರಾದರೂ ಹೇಳುತ್ತೀರಾ ಎಂದು ಕೇಳಿದೆ. ಮಾರನೆಯ ವಾರ ಪುಣೆಯ ಒಬ್ಬ ಹೆಂಗಸಿನ ಉತ್ತರ ಬಂದಿತ್ತು. ಒಂದೇ ಸಾಲು. ಇಂಗಿನ ಡಬ್ಬಿ ಓದಿ ನೋಡಿ, ನನಗೂ ಅದರಿಂದಲೇ ಆಗಿತ್ತು.

ಓಡಿದೆ ಅನ್ನಲಾರೆ, ಓಡುವ ಶಕ್ತಿ ಇರಲಿಲ್ಲ. ಆದರೆ ಎಲ್ಲೂ ನಿಲ್ಲದೆ ಮನೆಗೆ ಬಂದೆ. ಅಮ್ಮ ಒಲೆಯ ಮುಂದೆ ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು. ಒಲೆಯ ಪಕ್ಕದ ಶೆಲ್ಫಿನಿಂದ ಇಂಗಿನ ಡಬ್ಬಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಇರುವೆಯಂಥ ಇಂಗ್ಲಿಷ್ ಅಕ್ಷರ. ಗೋಂದು, ಗೋಧಿ ಹಿಟ್ಟು, ಇಂಗು.

"ಏನ್ ಬರ್ದಿದೆ?" ಅಮ್ಮ ಕೇಳಿದಳು.

ಹೇಳದಿರಲು ಸಾಧ್ಯವೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಆ ಎಣ್ಣೆ ಕಾಯುತ್ತಿತ್ತು. "ಇದ್ರಲ್ಲೂ ಗೋಧಿ ಇದೆಯಮ್ಮ."

ಅಮ್ಮ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತಳು. ಇಂಗಿಲ್ಲದೆ ನಮ್ಮ ಮನೆಯಲ್ಲಿ ಒಂದು ದಿನವೂ ಸಾರಾದದ್ದಿಲ್ಲ. ಅದೂ ನನಗೆ ಹೊಟ್ಟೆ ಸರಿಯಿಲ್ಲ ಎಂದು ಅವಳು ಮಜ್ಜಿಗೆಗೂ ಒಂದು ಚಿಟಿಕೆ ಇಂಗು ಹಾಕಿ ಕೊಡುತ್ತಿದ್ದಳು. "ಇನ್ನೂ ಎಷ್ಟ್ ಸಲ ನನ್ ಕೈಯಿಂದ್ಲೇ ಮಾಡಿಸ್ತಾನೆ ಆ ದೇವ್ರು?" ಎಂದು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವತ್ತು ಇಬ್ಬರೂ ಬರೀ ಮೊಸರನ್ನ ತಿಂದು ಮಲಗಿದೆವು.

ಇಂಗು ಬಿಟ್ಟ ಮೇಲೆ ನಿಜವಾಗಿ ಸುಧಾರಿಸಿದೆ. ಶಾಲೆಯ ಮೆಟ್ಟಿಲನ್ನು ನಿಲ್ಲದೆ ಹತ್ತಿದ ದಿನ ಮೇಲೆ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತಿದ್ದೆ, ಯಾರಿಗೆ ಹೇಳುವುದೆಂದು ತಿಳಿಯದೆ.

ಬ್ಲಾಗ್ ಶುರುವಾದದ್ದು ಇನ್ನೂ ಕೆಲವು ವರ್ಷಗಳ ಮೇಲೆ. ನನ್ನ ಜೊತೆ ಕೆಲಸ ಮಾಡುವ ವಿಜಯ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿಕೊಟ್ಟಳು. "ದಿನಾ ನನ್ ತಲೆ ತಿಂತೀಯಲ್ಲ, ಅದನ್ನೇ ಬರಿ," ಅಂದಳು. ಮನೆಗೊಂದು ಹಳೆಯ ಕಂಪ್ಯೂಟರ್ ತಂದೆ. ಮೊದಲು ಬರೆದದ್ದೇ ಇಂಗಿನ ಬಗ್ಗೆ. ಆಮೇಲೆ ಮಿಲ್ಲಿನ ಬಗ್ಗೆ, ಹೋಟೆಲಿನ ದೋಸೆಗೆ ಗರಿಗರಿಯಾಗಲೆಂದು ರವೆ ಸೇರಿಸುವುದರ ಬಗ್ಗೆ, ಅಕ್ಕಿ ಶ್ಯಾವಿಗೆ, ರಾಗಿ ದೋಸೆ ಮಾಡುವುದರ ಬಗ್ಗೆ. ಅಡುಗೆ ಅಮ್ಮನದು, ಬರವಣಿಗೆ ನನ್ನದು. ತಿಂಗಳುಗಟ್ಟಲೆ ಯಾರೂ ಓದಲಿಲ್ಲ. ಆಮೇಲೆ ಒಬ್ಬರು, ಇನ್ನೊಬ್ಬರು. ದಾವಣಗೆರೆಯಿಂದ ಒಬ್ಬರು ಹೆಂಡತಿಗಾಗಿ ಕೇಳಿದರು. ಯಾರೋ ಹೆಸರಿಲ್ಲದವರು, ಇದೆಲ್ಲ ದುಡ್ಡಿದ್ದವರ ಕಾಯಿಲೆ, ಎರಡು ದಿನ ಉಪವಾಸ ಕೆಡವಿದರೆ ಸರಿಹೋಗುತ್ತದೆ ಎಂದು ಬರೆದರು. ಅದನ್ನು ಅಳಿಸಲೂ ಬೇಸರವಾಗಿ ಹಾಗೇ ಬಿಟ್ಟೆ. ಒಂದೊಂದು ಸಂಜೆ ಬಂದ ಪ್ರಶ್ನೆಗಳನ್ನೆಲ್ಲ ನೋಡಿ, ಇದನ್ನು ಮುಚ್ಚಿಬಿಡೋಣ ಅನ್ನಿಸುತ್ತಿತ್ತು. ಮುಚ್ಚಲಿಲ್ಲ. ಪುಣೆಯ ಆ ಹೆಂಗಸು ಒಂದು ಸಾಲು ಬರೆಯಲು ಬೇಸರಪಟ್ಟಿದ್ದರೆ ನಾನು ಇನ್ನೂ ಮೆಟ್ಟಿಲ ಕೆಳಗೇ ಇರುತ್ತಿದ್ದೆ.

ಆ ಸಮಯದಲ್ಲೇ ಅಮ್ಮ ಬಚ್ಚಲಲ್ಲಿ ಕಾಲು ಜಾರಿ ಕೈ ಊರಿದಳು. ಬಿದ್ದದ್ದು ಮೆಲ್ಲಗೇ, ಆದರೆ ಬಲಗೈ ಮಣಿಕಟ್ಟು ಮುರಿಯಿತು. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ವಯಸ್ಸಿಗೆ ಹೋಲಿಸಿದರೂ ಮೂಳೆ ತುಂಬ ಸವೆದಿದೆ ಅಂದರು. ನಾನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ಕಾಯಿಲೆ ಒಂದೇ ಮನೆಯವರಲ್ಲಿ ಇರಬಹುದು, ಎಲ್ಲರೂ ಪರೀಕ್ಷೆ ಮಾಡಿಸಿ ಎಂದು ಅವರು ಮೊದಲೇ ಹೇಳಿದ್ದರು. ಅಣ್ಣ ಮಾಡಿಸಿದ್ದ, ಅವನಿಗೆ ಏನೂ ಇರಲಿಲ್ಲ. ಅಮ್ಮ ಮಾತ್ರ, "ನಂಗೇನಾಗಿದೆ, ನಮ್ಮ ವಂಶನೇ ಸಣಕಲು," ಎಂದು ತಳ್ಳಿಹಾಕಿದ್ದಳು. ಈಗ ಡಾಕ್ಟರು ಅವಳ ಉಗುರು, ಕಣ್ಣು, ನಾಲಿಗೆ ನೋಡಿದರು.

"ಟೆಸ್ಟ್ ಮಾಡಿ ಮೇಡಂ," ಅಂದೆ.

"ಈಗ ಮಾಡಿದ್ರೆ ಏನೂ ಗೊತ್ತಾಗಲ್ಲ. ಇವ್ರು ವರ್ಷಗಳಿಂದ ಗೋಧಿ ಮುಟ್ಟಿಲ್ಲ. ಕೆಲವು ವಾರ ದಿನಾ ತಿಂದು, ಆಮೇಲೆ ಮಾಡ್ಬೇಕು." ಅವರು ಅಮ್ಮನ ಕಡೆ ತಿರುಗಿದರು. "ಬೇಡ ಅಂದ್ರೆ ಬೇಡಮ್ಮ. ಹೇಗೂ ಬಿಟ್ಟೇ ಇದೀರಲ್ಲ, ಹೀಗೇ ಇದ್ದುಬಿಡಿ."

ನಾನೂ ಬೇಡ ಅಂದೆ. ಅಮ್ಮ ಪಟ್ಟು ಹಿಡಿದಳು. ಮನೆಗೆ ಬಂದು, "ಯಾಕಮ್ಮ ಈ ಹಟ?" ಎಂದು ಕೇಳಿದೆ.

"ಗೊತ್ತಾಗ್ಬೇಕು ನಂಗೆ. ರಕ್ತದಲ್ಲಿ ಬಂದಿದ್ರೆ ಅದು ನನ್ ಕೈಲಿರ್ಲಿಲ್ಲ. ನಮ್ಮಮ್ಮನಿಂದ ನಂಗೆ ಬಂತು, ನನ್ನಿಂದ ನಿಂಗೆ. ಅಷ್ಟಾದ್ರೂ ಗೊತ್ತಾಗ್ಲಿ." ಅವಳ ಅಮ್ಮ ನಲವತ್ತು ತುಂಬುವ ಮೊದಲೇ ಕೃಶವಾಗಿ ಸತ್ತವಳು. ಏನಾಗಿತ್ತೆಂದು ಯಾರಿಗೂ ಗೊತ್ತಿಲ್ಲ.

ಅಮ್ಮನ ಬಲಗೈ ಪ್ಲಾಸ್ಟರಿನಲ್ಲಿತ್ತು. ಹೀಗಾಗಿ ನಾನೇ ಅಂಗಡಿಗೆ ಹೋಗಿ ಬ್ರೆಡ್ಡು ತಂದೆ, ಅದಕ್ಕೇ ಬೇರೆ ತಟ್ಟೆ, ಬೇರೆ ಚಮಚ ಇಟ್ಟೆ. ಬಿಸಿ ಹಾಲಿನಲ್ಲಿ ಅದ್ದಿ ಅವಳ ಎದುರಿಗೆ ಕೂತು ತಿನ್ನಿಸಿದೆ. ಮೊದಲ ದಿನ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳ ಹೊಟ್ಟೆ ಕೆಟ್ಟಿತು. ಬಾಯಲ್ಲಿ ಹುಣ್ಣಾಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವ ಅವಳನ್ನು ನೋಡಿ, "ಸಾಕಮ್ಮ, ನಂಗಾಗಲ್ಲ ಇದು," ಎಂದು ಚಮಚ ಕೆಳಗಿಟ್ಟೆ.

"ನಾನು ನಿಂಗೆ ಎಷ್ಟು ವರ್ಷ ತಿನ್ನಿಸ್ದೆ. ನಿಂಗೆ ಕೆಲವು ವಾರ ಆಗಲ್ವಾ?" ಅಂದಳು. ಅದು ಚುಚ್ಚುಮಾತಲ್ಲ. ಅವಳು ನಿಜವಾಗಿ ಕೇಳುತ್ತಿದ್ದಳು. ನಾನು ಮತ್ತೆ ಚಮಚ ಎತ್ತಿಕೊಂಡೆ. ಆ ದಿನಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು. ತಿನ್ನಿಸುವವರಿಗೆ ಎದುರಿಗಿರುವವರ ತೆರೆದ ಬಾಯಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂದು ತುತ್ತು ಒಳಗೆ ಹೋದರೆ ಅಷ್ಟಕ್ಕೇ ಜೀವ ಹಗುರಾಗುತ್ತದೆ.

ಡಾಕ್ಟರು ಅಂದುಕೊಂಡಷ್ಟು ದಿನ ಕಾಯಲಿಲ್ಲ, ಅವಳ ಸ್ಥಿತಿ ನೋಡಿ ಬೇಗನೇ ರಕ್ತ ತೆಗೆಸಿದರು. ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಕೊಳವೆಯ ಪರೀಕ್ಷೆಯೂ ಅದನ್ನೇ ಹೇಳಿತು. ಅಮ್ಮ ರಿಪೋರ್ಟನ್ನು ಎಡಗೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. "ಹಾಗಾದ್ರೆ ನಮ್ಮಮ್ಮನಿಗೂ ಇದೇ," ಅಂದಳು. ಆಮೇಲೆ, "ಪಾಪ. ಅವಳಿಗೂ ಬ್ರೆಡ್ಡು ತಂದ್ಕೊಡ್ತಿದ್ರು," ಅಂದಳು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅವಳ ಮೂಳೆಗಳು ಮೊದಲಿನಂತಾಗಲಿಲ್ಲ. ಬಲಗೈಯಲ್ಲಿ ನೀರಿನ ಬಿಂದಿಗೆ ಎತ್ತಲಾಗುವುದಿಲ್ಲ. ನನಗೂ ಊರಿನ ಯಾವ ಹೋಟೆಲಿಗೂ ನಿಶ್ಚಿಂತೆಯಾಗಿ ಹೋಗಲಾಗುವುದಿಲ್ಲ, ಎಲ್ಲಿಗೆ ಹೊರಟರೂ ಡಬ್ಬಿ ಹೊತ್ತೇ ಹೋಗಬೇಕು. ಮದುವೆ ಆಗಲಿಲ್ಲ. ಅದರ ಬಗ್ಗೆ ಕೇಳುವವರೂ ಈಗ ಸುಸ್ತಾಗಿದ್ದಾರೆ. ಅಣ್ಣನ ಮಗಳು ದೊಡ್ಡವಳಾಗಿದ್ದಾಳೆ, ಮನೆಗೆ ಬಂದರೆ ಕೈ ತೊಳೆದು, "ಅತ್ತೆ, ನಾನು ಬಿಸ್ಕತ್ತು ತಿಂದು ಬಂದಿದೀನಿ, ಡಬ್ಬಿ ಮುಟ್ಟಲ್ಲ," ಎಂದು ತಾನೇ ಹೇಳುತ್ತಾಳೆ. ಅಷ್ಟು ಸಾಕು.

ಮೊನ್ನೆ ಚಳಿಗಾಲದಲ್ಲಿ ಬ್ಲಾಗಿಗೆ ತುಮಕೂರಿನ ಒಬ್ಬ ತಾಯಿ ಬರೆದರು. ನಾಲ್ಕು ವರ್ಷದ ಮಗನಿಗೆ ಸೀಲಿಯಾಕ್ ಎಂದು ಗೊತ್ತಾಗಿದೆ. ಊಟ ಮಾಡುವುದಿಲ್ಲವೆಂದು ಇಷ್ಟು ದಿನ ಬಿಸ್ಕತ್ತು ತಿನ್ನಿಸಿ ಬೆಳೆಸಿದ್ದೇನೆ, ನನ್ನ ಕೈಯಾರೆ ಮಾಡಿದೆ, ನಿದ್ದೆ ಬರುತ್ತಿಲ್ಲ ಎಂದು. ಅಡುಗೆ ಕೇಳಿದ್ದರೆ ಹೇಳುತ್ತಿದ್ದೆ, ಮಿಲ್ಲಿನ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ಇದಕ್ಕೆ ಏನು ಬರೆಯುವುದೆಂದು ತಿಳಿಯದೆ ಹಲವು ದಿನ ಹಾಗೇ ಇಟ್ಟುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಕಂಪ್ಯೂಟರಿನ ಹತ್ತಿರ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಆ ತಾಯಿ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅಮ್ಮನ ಕೈ ನಿಂತಿತು.

"ನಾನ್ ಹೇಳ್ತೀನಿ, ಬರ್ಕೋ," ಅಂದಳು.

ಅವಳು ಅದುವರೆಗೆ ಬ್ಲಾಗಿಗೆ ಅಡುಗೆ ಬಿಟ್ಟು ಬೇರೆ ಯಾವ ಮಾತೂ ಹೇಳಿದವಳಲ್ಲ. ನಾನು ಕೀಬೋರ್ಡು ಹತ್ತಿರ ಎಳೆದುಕೊಂಡೆ.

"ನೋಡಮ್ಮ, ನಾನು ಶಶಿ ತಾಯಿ. ನಿಂಗೆ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಮಗು ಹಸ್ಕೊಂಡಿತ್ತು, ನೀನು ತಿನ್ನಿಸ್ದೆ. ನೀನು ಮಾಡಿದ್ದು ಅಷ್ಟೇ. ಈಗ ರಾಗಿ ತಿನ್ನಿಸು. ಅದೇ ಕೈಲೇ ತಿನ್ನಿಸು, ಹೆದರ್ಬೇಡ."

ಟೈಪ್ ಮಾಡಿ ಮುಗಿಸಿ, "ಇನ್ನೇನಾದ್ರೂ ಸೇರಿಸ್ಲಾ?" ಎಂದು ಕೇಳಿದೆ.

ಅಮ್ಮ ಒಂದೆರಡು ಕಾಯಿ ಸುಲಿದಳು.

"ನಿದ್ದೆ ಬರಲ್ಲ ಅಂದಿದಾಳಲ್ಲ. ಬರುತ್ತೆ ಅಂತ ಬರಿ. ತುಂಬ ತಡ ಆಗುತ್ತೆ, ಆದ್ರೆ ಬರುತ್ತೆ. ನಂಗೆ ಬಂತು."

ಅವಳಿಗೆ ಅಷ್ಟು ವರ್ಷ ನಿದ್ದೆ ಬಂದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ಅದೇ ಕೋಣೆಯಲ್ಲಿ, ಅವಳ ಪಕ್ಕದಲ್ಲೇ ನಾನು ಮಲಗುತ್ತಿದ್ದೆ. ಅವಳು ಹೇಳಿದಂತೆಯೇ, ಒಂದು ಅಕ್ಷರ ಬದಲಿಸದೆ ಬರೆದು ಕಳಿಸಿದೆ.